ಅಮಾವಾಸ್ಯೆಗೆ ರಜೆ ಕೊಟ್ಟ ಕಂಪ್ಯೂಟರ್

ಅಪ್ಲಿಕೇಶನ್ನಿಗೂ ಪ್ಲಗಿನ್ನಿಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅಮಾವಾಸ್ಯೆ. ಆಮೇಲೆ ಪಲ್ಲಡಂ ರಸ್ತೆಯಲ್ಲಿ ಊಟದ ಡಬ್ಬಿ ಹಿಡಿದು ವ್ಯಾನಿಗಾಗಿ ಕಾಯುತ್ತಿದ್ದ ಹೆಂಗಸರು. ಅವರಲ್ಲಿ ಒಬ್ಬರೂ ಕಂಪ್ಯೂಟರನ್ನು ಕಣ್ಣಿಂದ ಕಂಡವರಲ್ಲ, ಆದರೂ ನನಗೆ ಈ ಪಾಠ ಸರಿಯಾಗಿ ಇಳಿದದ್ದು ಅವರಿಂದಲೇ. ಮುಂದೆ ಹೊಸಬರಿಗೆ ಇದನ್ನು ಹೇಳಿಕೊಡುವ ಕೆಲಸವನ್ನೂ ಬಹಳ ವರ್ಷ ಮಾಡಿದೆ. ಬೋರ್ಡಿನ ಮೇಲೆ ಡಬ್ಬಿ ಬರೆದು, ಅದರೊಳಗೆ ಇನ್ನೊಂದು ಡಬ್ಬಿ ಬರೆದು, ಬಾಣ ಎಳೆದು ಹೇಳಿದ್ದನ್ನೆಲ್ಲ ಅವರು ಪರೀಕ್ಷೆಯ ಮಾರನೇ ದಿನಕ್ಕೆ ಮರೆತಿರುತ್ತಿದ್ದರು. ಬೋರ್ಡು ಒರೆಸಿ ಅಮಾವಾಸ್ಯೆಯ ಕಥೆ ಹೇಳಿದ ಮೇಲೆ ಯಾರೂ ಮರೆಯಲಿಲ್ಲ.

ನಮ್ಮದು ಅವಿನಾಶಿಯ ಹತ್ತಿರದ ಒಂದು ನೇಕಾರರ ಬೀದಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ತಮಿಳು ಕಾಲು ಚಾಚಿಕೊಂಡು ಕೂತಿತ್ತು: ಕೆಲಸಕ್ಕೆ ವೇಲೆ ಎನ್ನುತ್ತಿದ್ದೆವು, ಆದರೆ ಎನ್ನಲು ಆನಾ. ಕನ್ನಡ ಅಕ್ಷರ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಹಟಕ್ಕೆ ಬಿದ್ದು. ಹಾಗಾಗಿ ಇಲ್ಲಿ ಒಂದೆರಡು ತಪ್ಪು ಕಂಡರೆ ಓದುವವರೇ ಹೊಂದಿಸಿಕೊಳ್ಳಬೇಕು, ನಾನು ಕ್ಷಮೆ ಕೇಳುವ ಪೈಕಿಯವಳಲ್ಲ.

ನಮ್ಮ ಬೀದಿಯಲ್ಲಿ ಭಾನುವಾರ ಎಂದರೆ ಏನೂ ಅಲ್ಲ. ಮಗ್ಗ ನಿಲ್ಲುತ್ತಿದ್ದದ್ದು ಅಮಾವಾಸ್ಯೆ ದಿನ. ಆವತ್ತು ಲಾಳಿ ಮುಟ್ಟುವಂತಿಲ್ಲ, ರಾಟೆ ಮುಟ್ಟುವಂತಿಲ್ಲ, ಹರಿದ ಎಳೆಯೊಂದನ್ನು ಗಂಟು ಹಾಕುವಂತಿಲ್ಲ. ದಿನವಿಡೀ ಟಕ್ಕು ಟಕ್ಕು ಎನ್ನುವ ಬೀದಿ ಆವತ್ತು ಮಾತ್ರ ಸುಮ್ಮನಿರುತ್ತಿತ್ತು. ಗಂಡಸರು ಎಣ್ಣೆ ಸ್ನಾನ ಮಾಡಿ ಜಗಲಿಯಲ್ಲಿ ಕೂತು ಲೋಕದ ತಪ್ಪುಗಳನ್ನೆಲ್ಲ ತಿದ್ದುತ್ತಿದ್ದರು. ಅಮಾವಾಸ್ಯೆಯ ಕಟ್ಟುಪಾಡಿನಲ್ಲಿ ಅಪ್ಪ ಬೀದಿಗೇ ದೊಡ್ಡವನು. ಒಮ್ಮೆ ನಾನು ಚಿಕ್ಕವಳಿದ್ದಾಗ ಅಮಾವಾಸ್ಯೆ ದಿನ ರಾಟೆಯ ಹಿಡಿಯನ್ನು ಆಟಕ್ಕೆ ತಿರುಗಿಸಿದೆನೆಂದು ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದ. ಊಟ ಬಿಟ್ಟದ್ದು ಅವನು, ಬೈಸಿಕೊಂಡದ್ದು ನಾನು.

ಮಗ್ಗ ಗಂಡಸರದು, ರಾಟೆ ಹೆಂಗಸರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ. ನಮ್ಮ ಮನೆಯಲ್ಲಿ ಎರಡು ರಾಟೆ: ಒಂದು ಅವ್ವನದು, ಇನ್ನೊಂದು ನನಗೆಂದು ಅಪ್ಪ ಮಾಡಿಸಿದ್ದು. ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗಳಿಗೆ ಅದರಲ್ಲಿ ನೂಲು ಸುತ್ತಬೇಕು. ಎಷ್ಟು ಸುತ್ತಿದರೂ ಮಗ್ಗ ತಿಂದು ಮುಗಿಸಿ ಮತ್ತೆ ಕೈ ಚಾಚುತ್ತಿತ್ತು. ಆ ರಾಟೆ ಕಂಡರೆ ನನಗೆ ಆಗುತ್ತಿರಲಿಲ್ಲ, ನಿಜವಾಗಿ ಹೇಳುತ್ತೇನೆ, ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ನನಗೆ ತಿರುಪ್ಪೂರಿನ ಒಂದು ದೊಡ್ಡ ಬನಿಯನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ ಎಂದರು. ಅಪ್ಪನೂ ಅದೇ ಮಾತನ್ನು ಹಿಡಿದುಕೊಂಡ.

"ಆರ್ ತಿಂಗ್ಳು ಅವ್ರೂ ನೋಡ್ಲಿ, ನಾನೂ ನೋಡ್ತೀನಿ. ವೇಲೆ ಪರ್ಮನೆಂಟ್ ಆಗ್ದಿದ್ರೆ ಸುಮ್ನೆ ಬಂದು ರಾಟೆ ಮುಂದೆ ಕೂತ್ಕೋ. ಆಮೇಲೆ ಅಳ್ಬಾರ್ದು."

ಅವನು ಬಾಯಿ ಮಾತಿಗೆ ಹೇಳಿದ್ದಲ್ಲ. ನನ್ನ ರಾಟೆಯನ್ನು ಮೂಲೆಗೆ ಸರಿಸಿ, ವಾರಕ್ಕೊಮ್ಮೆ ಅದರ ಕದಿರಿಗೆ ಎಣ್ಣೆ ಬಿಡುತ್ತಿದ್ದ. ನಾನು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅದು ಮೂಲೆಯಿಂದ ನನ್ನನ್ನೇ ನೋಡುತ್ತಿರುವಂತೆ ಅನ್ನಿಸುತ್ತಿತ್ತು.

ಕಂಪನಿಯ ಕಂಪ್ಯೂಟರ್ ಎಂದರೆ ಈಗಿನಂತೆ ಮಡಿಲಲ್ಲಿ ಕೂರುವ ವಸ್ತುವಲ್ಲ. ತಣ್ಣನೆಯ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡ ಯಂತ್ರ, ಅದಕ್ಕೆ ತಂತಿ ಎಳೆದ ಆರು ಪರದೆಗಳು, ಪರದೆಯ ಮೇಲೆ ಹಸಿರು ಅಕ್ಷರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅದರಲ್ಲಿ ಓಡುತ್ತಿದ್ದದ್ದು ಮದ್ರಾಸಿನ ಒಂದು ಸಂಸ್ಥೆ ಕೊಟ್ಟ ದೊಡ್ಡ ಪ್ರೋಗ್ರಾಂ. ಬಂದ ಆರ್ಡರು, ನೂಲು, ಬಣ್ಣ, ಕತ್ತರಿಸುವುದು, ಹೊಲಿಯುವುದು, ಪೆಟ್ಟಿಗೆ ಕಟ್ಟುವುದು, ಎಲ್ಲವೂ ಅದರೊಳಗೇ. ಅದನ್ನೇ ಸಿಮೆಂಟು ಕಂಪನಿಗೂ ಕೊಟ್ಟಿದ್ದರು, ಸಕ್ಕರೆ ಕಾರ್ಖಾನೆಗೂ ಕೊಟ್ಟಿದ್ದರು. ಒಬ್ಬೊಬ್ಬರ ರೂಢಿ ಒಂದೊಂದು ತರಹ ಇರುತ್ತದಲ್ಲ, ಅದಕ್ಕಾಗಿ ಪ್ರೋಗ್ರಾಮಿನೊಳಗೆ ಅಲ್ಲಲ್ಲಿ ಖಾಲಿ ಜಾಗ ಬಿಟ್ಟು ಒಂದೊಂದು ಕೊಕ್ಕೆ ಇಟ್ಟಿದ್ದರು. ನಿಮ್ಮ ತುಂಡನ್ನು ನೀವೇ ಬರೆದು ಕೊಕ್ಕೆಗೆ ಸಿಕ್ಕಿಸಿಕೊಳ್ಳಿ ಎಂದು. ಪ್ಲಗಿನ್ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ಆಗ ನಾವು ಕೊಕ್ಕೆ ಎಂದೇ ಹೇಳುತ್ತಿದ್ದೆವು.

ಐದನೇ ತಿಂಗಳಲ್ಲಿ ಮ್ಯಾನೇಜರ್ ನನ್ನನ್ನು ಕರೆದರು. ಅವರು ತಿರುನೆಲ್ವೇಲಿ ಕಡೆಯವರು, ದೊಡ್ಡ ಗಂಟಲು, ಕಂಪ್ಯೂಟರಿನ ಮೇಲೆ ದೇವರ ಮೇಲಿದ್ದಷ್ಟೇ ನಂಬಿಕೆ. ಇನ್ನು ಮೇಲೆ ಕಂಪ್ಯೂಟರಿನ ಚೀಟಿ ಇಲ್ಲದೆ ಕಂಪನಿಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಬಾರದು ಎಂದು ಆಜ್ಞೆ ಮಾಡಿದ್ದವರು ಅವರೇ. ದೊಡ್ಡ ಪ್ರೋಗ್ರಾಮಿಗೆ ಭಾನುವಾರ ಮಾತ್ರ ಗೊತ್ತು, ನಮ್ಮೂರಿನ ಉಳಿದ ರಜೆಗಳು ಗೊತ್ತಿಲ್ಲ, ಆದ್ದರಿಂದ ಅದು ಹೇಳುವ ತಾರೀಖೆಲ್ಲ ತಪ್ಪುತ್ತಿವೆ, ಅದನ್ನು ಸರಿಮಾಡು ಎಂದರು. ಇದು ಸರಿಹೋದರೆ ನಿನ್ನ ಕಾಗದಕ್ಕೆ ಸಹಿ ಹಾಕಿಸುತ್ತೇನೆ ಎಂದೂ ಅಂದರು.

ಮದ್ರಾಸ್ ಸಂಸ್ಥೆಯಿಂದ ತಿಂಗಳಿಗೊಮ್ಮೆ ಬರುವ ಎಂಜಿನಿಯರ್ ಒಬ್ಬರಿದ್ದರು. ಮೈಸೂರಿನವರು, ಅಚ್ಚುಕಟ್ಟಾದ ಕನ್ನಡ. ನನ್ನ ಕನ್ನಡ ಕೇಳಿದಾಗೆಲ್ಲ ನಗು ತಡೆಯಲು ಮೀಸೆ ಸವರಿಕೊಳ್ಳುತ್ತಿದ್ದರು. ನೀವು ಎಣಿಸುತ್ತಿರುವಂಥದ್ದೇನೂ ನಡೆಯಲಿಲ್ಲ, ಅವರಿಗೆ ಆಗಲೇ ಇಬ್ಬರು ಮಕ್ಕಳು.

"ಇದನ್ನು ಎರಡು ರೀತಿ ಮಾಡಬಹುದು," ಎಂದರು ಅವರು. "ಒಂದು, ಬೇರೆಯದೇ ಪ್ರೋಗ್ರಾಂ ಬರೆಯಿರಿ. ಪಟ್ಟಿಯಲ್ಲಿ ಅದಕ್ಕೆ ಅದರದೇ ನಂಬರ್ ಇರುತ್ತದೆ. ಬೇಕಾದವರು ಆ ನಂಬರ್ ಒತ್ತಿ ತೆರೆಯುತ್ತಾರೆ, ನೋಡುತ್ತಾರೆ, ಮುಚ್ಚುತ್ತಾರೆ. ಅದು ಅಪ್ಲಿಕೇಶನ್. ಇನ್ನೊಂದು, ಪುಟ್ಟ ತುಂಡು ಬರೆದು ಕೊಕ್ಕೆಗೆ ಹಾಕಿ. ಅದಕ್ಕೆ ನಂಬರೂ ಇಲ್ಲ, ಬಾಗಿಲೂ ಇಲ್ಲ. ದೊಡ್ಡ ಪ್ರೋಗ್ರಾಂ ತನಗೆ ಬೇಕಾದಾಗೆಲ್ಲ ಅದನ್ನು ಕೇಳುತ್ತದೆ: ಈ ದಿನ ರಜೆಯೋ ಅಲ್ಲವೋ? ಅದು ಹೇಳಿದ್ದನ್ನು ನಂಬುತ್ತದೆ. ನೀವು ಮೊದಲು ಬೇರೆಯಾಗಿಯೇ ಓಡಿಸಿ. ಒಂದು ತಿಂಗಳು ನೋಡಿ ಸರಿ ಇದ್ದರೆ ಆಮೇಲೆ ಕೊಕ್ಕೆಗೆ ಹಾಕೋಣ."

ಒಂದು ತಿಂಗಳು! ನನಗೆ ಉಳಿದಿದ್ದದ್ದೇ ಒಂದು ತಿಂಗಳು. ಆಯಿತು ಸಾರ್ ಎಂದೆ, ಒಳಗೊಳಗೇ ಬೇರೆ ಲೆಕ್ಕ ಹಾಕಿದೆ.

ಆ ಭಾನುವಾರ ಮನೆಯಲ್ಲಿ ಕೂತು ರಜೆಯ ಪಟ್ಟಿ ಮಾಡಿದೆ. ಅಪ್ಪ ಮಗ್ಗದ ಗುಣಿಯಲ್ಲಿ ಕೂತಿದ್ದವನು ಎದ್ದು ಬಂದು ಗೋಡೆಯ ತಮಿಳು ಕ್ಯಾಲೆಂಡರ್ ಇಳಿಸಿಕೊಂಡ. ಅವನು ಹಾಳೆ ತಿರುವಿ ಓದುವುದು, ನಾನು ಬರೆಯುವುದು. ಪೊಂಗಲ್ ಎಂದ, ಬರೆದೆ. ಅಮಾವಾಸ್ಯೆ ಎಂದ, ಬರೆದೆ. ಯುಗಾದಿ, ದೀಪಾವಳಿ, ಮತ್ತೆ ಅಮಾವಾಸ್ಯೆ. ಇಬ್ಬರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ನಾನೇ ಐದು ಅಮಾವಾಸ್ಯೆ ಅಪ್ಪನ ಊದಿದ ಮುಖ ನೋಡಿಕೊಂಡು ಕೆಲಸಕ್ಕೆ ಹೋಗಿ ಬಂದವಳು. ಆದರೂ ಕೈ ಬರೆದುಬಿಟ್ಟಿತು. ಮನುಷ್ಯರು ಅಮಾವಾಸ್ಯೆ ದಿನ ಎಲ್ಲಿಗಾದರೂ ಹೋಗಲಿ, ಯಂತ್ರಕ್ಕೆ ರಜೆ ಎಂದರೆ ಅಮಾವಾಸ್ಯೆಯೇ ಎಂದು ಹುಟ್ಟಿನಿಂದ ತಲೆಯಲ್ಲಿ ಕೂತಿತ್ತು.

ಕೊಕ್ಕೆ ಎಂದರೆ ಏನೆಂದು ಅಪ್ಪ ಕೇಳಿದ. ಎಂಜಿನಿಯರ್ ಹೇಳಿದ್ದನ್ನೇ ನನ್ನ ಭಾಷೆಯಲ್ಲಿ ಹೇಳಿದೆ. ನನಗೆ ಎರಡು ದಿನ ಹಿಡಿದದ್ದು ಅವನಿಗೆ ಎರಡು ನಿಮಿಷದಲ್ಲಿ ತಿಳಿಯಿತು.

"ಓ, ನಮ್ ಅಂಚಿನ ಪೆಟ್ಗೆ ಮಾದ್ರಿ," ಎಂದ.

ಸೀರೆಯ ಅಂಚಿನಲ್ಲಿ ಹೂವು ಎಬ್ಬಿಸಲು ಮಗ್ಗದ ತಲೆಯ ಮೇಲೆ ಕೂರಿಸುವ ಮರದ ಪೆಟ್ಟಿಗೆ ಅದು. ಬೀದಿಗೆಲ್ಲ ಸೇರಿ ಮೂರೇ ಇದ್ದವು. ಹೂವಿನ ಅಂಚು ಯಾರಿಗೆ ಬೇಕೋ ಅವರು ಹೊತ್ತು ತಂದು ತಮ್ಮ ಮಗ್ಗಕ್ಕೆ ಕಟ್ಟಿಕೊಳ್ಳುತ್ತಿದ್ದರು.

"ಪೆಟ್ಗೆ ತೆಗುದ್ರೂ ಮಗ್ಗ ನೇಯ್ತದೆ. ಮಗ್ಗ ಇಲ್ದೆ ಪೆಟ್ಗೆ ಒಂದೇ ಇದ್ರೆ ಅದ್ರೊಳ್ಗೆ ಕೋಳಿ ಸಾಕ್ಬೋದು, ಅಷ್ಟೇ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಆನಾ ಒಂದ್ ಮಾತು. ಹೊಸ ಪೆಟ್ಗೆನ ಯಾರೂ ಒಳ್ಳೆ ಪಾವಿನ ಮೇಲೆ ಕೂಡ್ಸಲ್ಲ. ಒಂದ್ ಕಡ್ಡಿ ತಪ್ಪಾಗಿದ್ರೂ ಅಂಚು ಮಾತ್ರ ಅಲ್ಲ, ಪೂರ್ತಿ ಪಾವು ಹೋಯ್ತದೆ. ಮುಗ್ಯಕ್ಕೆ ಬಂದ ಪಾವಿನ ಕೊನೇಲಿ ಒಂದ್ ಮೊಳ ನೇಯ್ದು ನೋಡ್ಬೇಕು."

ಪಾವು ಎಂದರೆ ಮಗ್ಗಕ್ಕೆ ಹೂಡಿದ ಹಾಸುನೂಲು. ಒಬ್ಬರು ಮೈಸೂರು ಕನ್ನಡದಲ್ಲಿ, ಇನ್ನೊಬ್ಬರು ಮಗ್ಗದ ಕನ್ನಡದಲ್ಲಿ, ಇಬ್ಬರೂ ಒಂದೇ ಮಾತು ಹೇಳಿದರು. ನಾನು ಇಬ್ಬರದ್ದೂ ಕೇಳಲಿಲ್ಲ. ಮಂಗಳವಾರ ನನ್ನ ತುಂಡನ್ನು ನೇರವಾಗಿ ಕೊಕ್ಕೆಗೆ ಹಾಕಿಬಿಟ್ಟೆ.

ಏನೂ ಆಗಲಿಲ್ಲ. ಹತ್ತು ದಿನ ಎಲ್ಲರೂ ಹೊಗಳಿದರು. ತಾರೀಖುಗಳು ಈಗ ನಿಜವಾಗಿ ಕಾಣುತ್ತಿವೆ ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತು ಹೇಳಿ ಹೋದರು. ನಾನು ಮೂಲೆಯ ರಾಟೆಗೆ ಬೆನ್ನು ಹಾಕಿ ನಡೆಯತೊಡಗಿದೆ.

ಹನ್ನೊಂದನೇ ದಿನ ಬೆಳಿಗ್ಗೆ ಬಸ್ಸಿಳಿದು ಕಂಪನಿಗೆ ಬಂದರೆ ಗೇಟು ಮುಚ್ಚಿತ್ತು. ವಾಚ್‌ಮ್ಯಾನ್ ಶರಟು ಬಿಚ್ಚಿಟ್ಟು, ಸ್ಟೂಲಿನ ಮೇಲೆ ಕೂತು, ಆರಾಮವಾಗಿ ಕಡಲೆಕಾಯಿ ಸುಲಿಯುತ್ತಿದ್ದ.

"ಇನ್ನಿಕ್ಕಿ ಲೀವಮ್ಮಾ. ಕಂಪ್ಯೂಟರೇ ಸೊಲ್ಲಿಡ್ಚು," ಎಂದ. ಇವತ್ತು ರಜೆ, ಕಂಪ್ಯೂಟರೇ ಹೇಳಿಬಿಟ್ಟಿದೆ ಎಂದು.

ಆವತ್ತು ಅಮಾವಾಸ್ಯೆ.

ದೊಡ್ಡ ಪ್ರೋಗ್ರಾಂ ದಿನಾ ಸಂಜೆ ಮಾರನೇ ದಿನದ ಚೀಟಿಗಳನ್ನು ಅಚ್ಚು ಹಾಕುತ್ತಿತ್ತು: ಯಾವ ಮೇಜಿಗೆ ಯಾವ ಬಟ್ಟೆ, ಯಾವ ವ್ಯಾನು ಎಲ್ಲಿಗೆ, ಅಡುಗೆಮನೆಯಲ್ಲಿ ಎಷ್ಟು ಅಕ್ಕಿ. ಪ್ರತಿ ಚೀಟಿಗೂ ಮೊದಲು ಕೊಕ್ಕೆಯನ್ನು ಕೇಳುತ್ತಿತ್ತು, ನಾಳೆ ರಜೆಯೋ? ನನ್ನ ತುಂಡು ಪ್ರತಿ ಸಲವೂ ರಜೆ ಎಂದು ಗಟ್ಟಿಯಾಗಿ ಹೇಳಿತ್ತು. ವ್ಯಾನಿನ ಚಾಲಕರು ಚೀಟಿ ನೋಡಿ ಹೊದ್ದು ಮಲಗಿದ್ದರು. ಅಡುಗೆಯವನು ಒಲೆ ಹಚ್ಚಿರಲಿಲ್ಲ. ಪಲ್ಲಡಂ ರಸ್ತೆಯಲ್ಲಿ ಹೊಲಿಗೆಯ ಹೆಂಗಸರು ಏಳು ಗಂಟೆಯಿಂದ ಕಾಯುತ್ತಿದ್ದರು, ಅವರಿಗೆ ಚೀಟಿ ಕೊಡುವವರೇ ಇರಲಿಲ್ಲ. ಇತ್ತ ಒಂದು ಆರ್ಡರು ಆ ಸಂಜೆ ಲಾರಿ ಹತ್ತಿ ತೂತ್ತುಕುಡಿ ಬಂದರಿಗೆ ಹೊರಡಬೇಕಿತ್ತು.

ಒಳಗೆ ಹೋದರೆ ಮ್ಯಾನೇಜರ್ ಕೈಯಲ್ಲಿ ಫೋನು, ಮುಖ ಕೆಂಪು. ಮದ್ರಾಸಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಆ ಮೈಸೂರಿನ ಎಂಜಿನಿಯರ್ ಇನ್ನು ಈ ಗೇಟಿನೊಳಗೆ ಕಾಲಿಡಬಾರದು, ಅವರ ಪ್ರೋಗ್ರಾಂ ಎಲ್ಲ ತೂತು ಎಂದು ಕೂಗುತ್ತಿದ್ದರು. ಬೈಗುಳವೆಲ್ಲ ದೊಡ್ಡ ಪ್ರೋಗ್ರಾಮಿಗೇ. ಅದರ ಹೊಟ್ಟೆಯೊಳಗೆ ಕೂತ ನನ್ನ ತುಂಡು ಯಾರ ಕಣ್ಣಿಗೂ ಕಾಣುವಂತಿರಲಿಲ್ಲ. ಸುಮ್ಮನಿದ್ದಿದ್ದರೆ ಇನ್ನು ಎರಡು ವಾರದಲ್ಲಿ ಕಾಗದ ನನ್ನ ಕೈಗೆ ಬರುತ್ತಿತ್ತೋ ಏನೋ. ನನ್ನ ಕಣ್ಣ ಮುಂದೆ ಎಣ್ಣೆ ಬಿಟ್ಟ ರಾಟೆ ಬಂತು. ಅದರ ಹಿಂದೆಯೇ ಮೀಸೆ ಸವರಿಕೊಳ್ಳುವ ಆ ಮನುಷ್ಯರ ಮುಖವೂ ಬಂತು.

"ಸಾರ್, ಅವರದಲ್ಲ. ನಂದು," ಎಂದೆ.

ಫೋನು ಕೆಳಗಿಟ್ಟರು. ಅಮಾವಾಸ್ಯೆಗೆ ಯಾರಮ್ಮಾ ರಜೆ ಕೊಡುತ್ತಾರೆ, ತಮಿಳುನಾಡಿನಲ್ಲಿ ಅದು ಒಳ್ಳೆಯ ದಿನವಲ್ಲವೇ, ಜನ ಅಂಗಡಿ ತೆರೆಯುವ ದಿನ ಎಂದು ಕೂಗಿದರು. ನಾನು ತಲೆ ತಗ್ಗಿಸಿ, ನಮ್ಮ ಕಡೆ ಮಗ್ಗಕ್ಕೆ ರಜೆ ಸಾರ್, ಎಲ್ಲ ಬೀದಿಯಲ್ಲೂ ಎಂದೆ. ಮೊದಲು ಅದನ್ನು ಕಿತ್ತು ಹಾಕು ಎಂದರು. ಪರದೆಯ ಮುಂದೆ ಕೂತು, ನನ್ನ ತುಂಡನ್ನು ಕೊಕ್ಕೆಗೆ ಸಿಕ್ಕಿಸಿದ್ದ ಒಂದು ಸಾಲು ಅಳಿಸಿದೆ. ದೊಡ್ಡ ಪ್ರೋಗ್ರಾಂ ಏನೂ ಆಗದವರಂತೆ ಚೀಟಿಗಳನ್ನು ಅಚ್ಚು ಹಾಕಿತು. ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಪೆಟ್ಟಿಗೆ ತೆಗೆದರೂ ಮಗ್ಗ ನೇಯುತ್ತದೆ.

"ಇನ್ನು ನೀನೇ ವ್ಯಾನಿನಲ್ಲಿ ಹೋಗಿ ಅವರನ್ನು ಕರೆದುಕೊಂಡು ಬಾ," ಎಂದರು ಮ್ಯಾನೇಜರ್. ಅದು ಶಿಕ್ಷೆ.

ಅರ್ಧ ಜನ ಬೇಸತ್ತು ಮನೆಗೆ ಹೋಗಿದ್ದರು. ಉಳಿದವರು ಹುಣಸೆ ಮರದ ಕೆಳಗೆ ಡಬ್ಬಿ ಬಿಚ್ಚಿ ಮಧ್ಯಾಹ್ನದ ಊಟವನ್ನು ಹತ್ತು ಗಂಟೆಗೇ ಮುಗಿಸುತ್ತಿದ್ದರು. ತಪ್ಪು ನನ್ನದು, ನಮ್ಮ ಮನೆಯಲ್ಲಿ ಇವತ್ತು ಮಗ್ಗ ಮುಟ್ಟುವುದಿಲ್ಲ, ಅದನ್ನೇ ಬರೆದುಬಿಟ್ಟೆ ಎಂದು ಕೈ ಮುಗಿದೆ. ಒಬ್ಬ ಮುದುಕಿ ಬಾಯಲ್ಲಿದ್ದ ಅನ್ನ ಸಿಡಿಯುವಂತೆ ನಕ್ಕಳು. ವ್ಯಾನಿನಲ್ಲಿ ದಾರಿಯುದ್ದಕ್ಕೂ ನಕ್ಕರು. ಮನೆಗೆ ಹೋದವರನ್ನೂ ಹಾದಿಯಲ್ಲಿ ಕೂಗಿ ಕೂಗಿ ಹತ್ತಿಸಿಕೊಂಡರು. ಆವತ್ತು ಅವರು ಕುಳಿತ ಜಾಗ ಬಿಟ್ಟು ಏಳದೆ ಹೊಲಿದರು, ಪೆಟ್ಟಿಗೆ ಕಟ್ಟಲು ನಾನೂ ಕೂತೆ, ಕತ್ತಲಾಗುವ ಮೊದಲು ಲಾರಿ ಹೊರಟಿತು. ಆವತ್ತಿನಿಂದ ನಾನು ಹೊಲಿಗೆ ಶೆಡ್ಡಿಗೆ ಕಾಲಿಟ್ಟರೆ "ಅಮಾವಾಸೆ ವಂದಾಚ್ಚು!", ಅಮಾವಾಸ್ಯೆ ಬಂತು, ಎಂದು ಒಂದು ಕೂಗು ಏಳುತ್ತಿತ್ತು. ಕಂಪನಿ ಬಿಡುವವರೆಗೂ ಅದೇ ನನ್ನ ಹೆಸರು.

ಲಾರಿ ಹೋದ ಮೇಲೆ ಮ್ಯಾನೇಜರ್ ಮತ್ತೆ ಕರೆದರು. ಬೈಯುವುದು ಬಾಕಿ ಇದೆ ಎಂದುಕೊಂಡು ಹೋದೆ. ಮೇಜಿನ ಮೇಲೆ ಟವೆಲ್ಲಿನ ಫೈಲು ತೆರೆದಿತ್ತು. ಕಂಪನಿಯವರು ಸುತ್ತಲಿನ ನೇಕಾರರ ಬೀದಿಗಳಿಗೆ ನೂಲು ಕೊಟ್ಟು ಟವೆಲ್ ನೇಯಿಸುತ್ತಿದ್ದರು.

"ಈ ಮಗ್ಗದ ಮಾಲು ಯಾವಾಗಲೂ ಒಂದು ದಿನ ತಡ. ಕೇಳಿದರೆ ನಾಳೆ ಸಾರ್ ಎನ್ನುತ್ತಾರೆ. ಸೋಮಾರಿಗಳು ಎಂದುಕೊಂಡಿದ್ದೆ," ಎಂದರು. "ಎಲ್ಲ ಬೀದಿಯಲ್ಲೂ ರಜೆ ಎಂದೆಯಲ್ಲ, ನಿಜವೇ?"

"ನಿಜ ಸಾರ್. ಅವತ್ತು ಎಳೆ ಕೂಡ ಗಂಟು ಹಾಕಲ್ಲ."

ಅವರು ಫೈಲಿನ ತಾರೀಖುಗಳ ಮೇಲೆ ಬೆರಳಿಟ್ಟು, ಗೋಡೆಯ ಕ್ಯಾಲೆಂಡರ್ ನೋಡಿ, ಮತ್ತೆ ಫೈಲು ನೋಡಿದರು. "ಪಟ್ಟಿ ಸರಿಯಾಗಿದೆಯಮ್ಮಾ. ಹಾಕಿದ ಜಾಗ ತಪ್ಪು. ಮಗ್ಗದವರಿಗೆಂದೇ ಬೇರೆ ಪ್ರೋಗ್ರಾಂ ಬರಿ. ಅದು ನನ್ನ ವ್ಯಾನಿನ ತಂಟೆಗೆ ಬರಬಾರದು."

ಎರಡು ವಾರ ಹಗಲೆಲ್ಲ ಕೂತು ಬರೆದೆ. ಈ ಸಲ ಎಂಜಿನಿಯರ್ ಹೇಳಿದಂತೆ ಬೇರೆಯಾಗಿಯೇ ಓಡಿಸಿದೆ; ಹಳೆಯ ತಾರೀಖುಗಳನ್ನು ಕೊಟ್ಟು, ಅಪ್ಪ ಹೇಳಿದಂತೆ ಮುಗಿಯುವ ಪಾವಿನ ಕೊನೆಯಲ್ಲಿ ನೇಯ್ದು ನೋಡಿದೆ. ಪಟ್ಟಿಯಲ್ಲಿ ಅದಕ್ಕೆ ಒಂಬತ್ತು ಎಂಬ ನಂಬರ್ ಬಂತು. ಒಂಬತ್ತು ಒತ್ತಿದರೆ ತೆರೆಯುತ್ತಿತ್ತು, ಬೀದಿಯ ಹೆಸರು ಕೊಟ್ಟರೆ ಮಾಲು ಬರುವ ದಿನ ಹೇಳುತ್ತಿತ್ತು, ಮುಚ್ಚಿದರೆ ಮುಚ್ಚುತ್ತಿತ್ತು. ತಪ್ಪು ಹೇಳಿದರೆ ಮುಖಕ್ಕೆ ಹೊಡೆದಂತೆ ತನ್ನ ಪರದೆಯ ಮೇಲೆಯೇ ಹೇಳುತ್ತಿತ್ತು, ಇನ್ನೊಬ್ಬರ ಹೊಟ್ಟೆಯೊಳಗೆ ಕೂತು ಅಲ್ಲ.

ಮ್ಯಾನೇಜರ್ ಕಾಗದ ಕೊಡಲು ಒಳ್ಳೆಯ ದಿನ ಹುಡುಕಿದರು. ಬೇರೆ ಯಾವುದು, ಮುಂದಿನ ಅಮಾವಾಸ್ಯೆ. ಮೈಸೂರಿನ ಎಂಜಿನಿಯರ್ "ಅಯ್ಯೋ, ಅಮಾವಾಸ್ಯೆ ದಿನವೇ?" ಎಂದು ಹೌಹಾರಿದರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.

ಹನ್ನೊಂದು ಗಂಟೆಗೆ ವಾಚ್‌ಮ್ಯಾನ್ ಓಡಿಬಂದ. ಅಮಾವಾಸ್ಯೆಯ ಅಪ್ಪ ಬಂದಿದ್ದಾರೆ ಎಂದ. ಮಗ್ಗಕ್ಕೆ ರಜೆಯಲ್ಲವೇ, ಅಪ್ಪನೂ ಬಿಡುವಾಗಿದ್ದ. ಬಿಳಿ ಪಂಚೆ ಉಟ್ಟು, ಅವ್ವ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು, ಯಾರಿಗೂ ಹೇಳದೆ ಬಸ್ಸು ಹತ್ತಿಬಿಟ್ಟಿದ್ದ. ತಣ್ಣನೆಯ ಕೋಣೆಯೊಳಗೆ ಕರೆದುಕೊಂಡು ಹೋದೆ. ಕೈ ಕಟ್ಟಿಕೊಂಡು ನಡುಗುತ್ತ ನಿಂತು ಎಲ್ಲ ನೋಡಿದ.

ಒಂಬತ್ತು ಒತ್ತಿ, ನಮ್ಮ ಬೀದಿಯ ಹೆಸರು ಕೊಟ್ಟು, ಆವತ್ತಿನ ತಾರೀಖು ಹಾಕಿದೆ. ಮಗ್ಗಕ್ಕೆ ರಜೆ ಎಂದು ಇಂಗ್ಲಿಷಿನಲ್ಲಿ ಬಂತು. ಓದಿ ಹೇಳಿದೆ.

"ನಮ್ ಅಮಾಸೆ ಇದುಕ್ಕೂ ಗೊತ್ತಾ?" ಎಂದ. ಆಮೇಲೆ ಪರದೆಯ ಹಿಂದೆ ಮುಂದೆ ಬಗ್ಗಿ ನೋಡಿದ. "ಆ ಪೆಟ್ಗೆ ಎಲ್ಲಿ?"

"ತೆಗ್ದ್ಬುಟ್ಟೆಪ್ಪ. ಇದು ಪೆಟ್ಗೆ ಅಲ್ಲ. ಮಗ್ಗ."

"ಯಾರ್ ಮಗ್ಗ?"

"ನಂದು."

ಅಪ್ಪ ಚಿತ್ರಾನ್ನ ಕೈಗೆ ಕೊಟ್ಟು ಹನ್ನೆರಡರ ಬಸ್ಸಿಗೆ ಹೊರಟುಹೋದ. ನನಗೆ ಅಳು ಬಂತು. ಬಂದದ್ದಕ್ಕೆ ಸಂತೋಷವೋ, ಒಂದು ಮಾತೂ ಆಡದೆ ಹೋದದ್ದಕ್ಕೆ ಸಿಟ್ಟೋ, ಎರಡೂ ಇತ್ತು.

ಸಂಜೆ ಮನೆಗೆ ಹೋದರೆ ಬೀದಿ ಸುಮ್ಮನಿತ್ತು. ಮೂಲೆಯಲ್ಲಿ ಅವ್ವನ ರಾಟೆ ಮಾತ್ರ ಇತ್ತು, ನನ್ನದು ಇರಲಿಲ್ಲ. ಅದಿದ್ದ ಜಾಗದ ನೆಲದಲ್ಲಿ ಎಣ್ಣೆಯ ಕಲೆಯೊಂದು ಉಳಿದಿತ್ತು.

"ಬಸ್ ಇಳ್ದವ್ನೆ ತಲೆ ಮೇಲೆ ಹೊತ್ಕೊಂಡ್ ಹೋಗಿ ಎದುರ್ ಮನೆಗೆ ಕೊಟ್ಬುಟ್ಟು ಬಂದ," ಎಂದಳು ಅವ್ವ.

ಅಪ್ಪ ಜಗಲಿಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ. ಹೋಗಿ ಪಕ್ಕದಲ್ಲಿ ನಿಂತೆ.

"ಏನಪ್ಪಾ, ಅಮಾಸೆ ದಿನ ರಾಟೆ ಮುಟ್ಬಾರ್ದಲ್ವಾ?"

"ಮುಟ್ಬಾರ್ದು," ಎಂದ ಅಪ್ಪ. "ಆನಾ, ನಾಳೆವರ್ಗೂ ತಡ್ಯಕ್ ಆಗ್ಲಿಲ್ಲ."